ಬಾತುಕೋಳಿ ಪೆನ್ನು

ಏಳಣ್ಣ ತನ್ನ ಹೆಂಡತಿಗೆ ಒಂದು ಊಟದ ಮೇಜು ಬಾಕಿ ಉಳಿಸಿಕೊಂಡಿದ್ದಾನೆ. ಮೇಜನ್ನು ಯಾರೂ ಹೊತ್ತುಕೊಂಡು ಹೋಗಿಲ್ಲ, ಮನೆಯಲ್ಲೇ ಇದೆ, ಕಾಲುಗಳೂ ಗಟ್ಟಿಯಾಗಿವೆ. ಆದರೆ ಅದರ ಮೇಲೆ ಒಂದು ಬಟ್ಟಲು ಇಡಲು ಜಾಗವಿಲ್ಲ. ಅಚ್ಚುಕೂಟದ ಕೆಲಸದಿಂದ ನಿವೃತ್ತನಾದ ಮಾರನೆಯ ದಿನವೇ ಏಳಣ್ಣ ಅದನ್ನು ಆಕ್ರಮಿಸಿಕೊಂಡು ಹಳೆಯ ಇಂಕ್ ಪೆನ್ನುಗಳ ಪುನರುಜ್ಜೀವನ ಕೇಂದ್ರವನ್ನು ಸ್ಥಾಪಿಸಿದ್ದಾನೆ. (ಹೆಸರು ಅವನದು. ಹೆಂಡತಿ ಅದನ್ನು ಹೆಣದ ಕೋಣೆ ಅನ್ನುತ್ತಾಳೆ.) ಅಂದಿನಿಂದ ಆ ಮನೆಯವರು ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದಾರೆ.

ಅವನ ನಿಜವಾದ ಹೆಸರು ಖೋಯ್. ಆದರೆ ಸೈಗಾನಿನಲ್ಲಿ ನಿಜವಾದ ಹೆಸರು ಬೇಕಾಗುವುದು ಪೊಲೀಸರಿಗೆ ಮತ್ತು ಡಾಕ್ಟರಿಗೆ ಮಾತ್ರ. ಉಳಿದವರಿಗೆ ಹುಟ್ಟಿದ ಸರದಿಯೇ ಹೆಸರು. ಚೊಚ್ಚಲ ಮಗು ಎರಡು, ಅದರ ಬೆನ್ನಿಗೆ ಬಂದದ್ದು ಮೂರು. ಒಂದು ಅಂತ ಯಾರೂ ಇಲ್ಲ. ಚೊಚ್ಚಲನ್ನು ಹುಡುಕಿಕೊಂಡು ಬರುವ ಪೀಡೆಗಳು ಲೆಕ್ಕ ತಪ್ಪಿ ವಾಪಸು ಹೋಗಲಿ ಅಂತ. ಹೀಗಾಗಿ ಬಂದರಿನ ಹಿಂದಿನ ಆ ಗಲ್ಲಿಯಲ್ಲಿ ನಿಂತು "ಏಳಣ್ಣಾ" ಎಂದು ಕೂಗಿದರೆ ಮನೆಗೊಬ್ಬ ತಲೆ ಹೊರಗೆ ಹಾಕುತ್ತಾನೆ. ಇವನ ಹೆಂಡತಿ ನಾಲ್ಕಕ್ಕ. ಅವಳೂ ಗಂಡನನ್ನು ಏಳಣ್ಣ ಎಂದೇ ಕರೆದು ಕಟ್ಟಿಕೊಂಡವಳು. ಅಲ್ಲಿ ಹೆಂಡತಿಯಾದವಳು ಗಂಡನನ್ನು ಅಣ್ಣ ಅನ್ನುವುದೇ ವಾಡಿಕೆ. (ಮುಖ ಸಿಂಡರಿಸಬೇಡಿ. ನಾವು ಸೋದರಮಾವನನ್ನು ಮದುವೆಯಾಗುತ್ತೇವೆ ಅಂತ ಹೇಳಿದಾಗ ಅವರು ಇದಕ್ಕಿಂತ ಜೋರಾಗಿ ಸಿಂಡರಿಸಿದ್ದರು.)

ಪೆನ್ನಿನ ರಿಪೇರಿಗೆ ಬೇಕಾದ ಉಪಕರಣಗಳನ್ನೆಲ್ಲ ಏಳಣ್ಣ ಹೆಂಡತಿಯ ರಾಜ್ಯದಿಂದಲೇ ವಶಪಡಿಸಿಕೊಂಡ. ಬಿಗಿದು ಕೂತ ಕತ್ತನ್ನು ಬಿಸಿಮಾಡಿ ಸಡಿಲಿಸಲು ಅವಳ ಕೂದಲು ಒಣಗಿಸುವ ಯಂತ್ರ. ಹೆಪ್ಪುಗಟ್ಟಿದ ಇಂಕನ್ನು ನೆನೆಸಿ ಬಿಡಿಸಲು ಅವಳ ಹುಳಿಸಾರಿನ ಪಾತ್ರೆ. (ಒಂದು ಭಾನುವಾರ ಸಾರು ನೇರಳೆ ಬಣ್ಣಕ್ಕೆ ತಿರುಗಿತು. ಟೊಮೇಟೊ ಹಣ್ಣೇ ಹಾಗಿದ್ದವು ಅಂತ ವಾದಿಸಿದ.) ಪೆನ್ನಿನ ಹೊಟ್ಟೆಯೊಳಗಿನ ರಬ್ಬರ್ ಚೀಲ ಕೊಳೆತಿದ್ದರೆ, ಅದರ ಬದಲಿಗೆ ಅವಳ ಸೈಕಲ್ಲಿನ ಗಾಳಿ ಹಿಡಿದಿಡುವ ವಾಲ್‌ಟ್ಯೂಬು. ನಾಲ್ಕಕ್ಕ ಮಾರುಕಟ್ಟೆಗೆ ಹೊರಟಾಗೆಲ್ಲ ಸೈಕಲ್ಲು ಗಲ್ಲಿಯ ತಿರುವಿನಲ್ಲಿ ಉಸ್ಸೆಂದು ಕೂರುತ್ತಿತ್ತು. ಇತ್ತ ಮನೆಯಲ್ಲಿ ಯಾವುದೋ ಫ್ರೆಂಚ್ ಗುಮಾಸ್ತನ ಪೆನ್ನು ಮರುಜನ್ಮ ಪಡೆದು ಗಟಗಟ ಇಂಕು ಕುಡಿಯುತ್ತಿತ್ತು.

ಒಂದು ಬೆಳಿಗ್ಗೆ ಗುಜರಿ ಐದಕ್ಕ ತಳ್ಳುಗಾಡಿ ನಿಲ್ಲಿಸಿ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿಯೊಂದನ್ನು ಮೇಜಿನ ಮೇಲೆ ಕುಕ್ಕಿದಳು. ಒಳಗೆ ಸತ್ತ ಪೆನ್ನುಗಳು. ಅವುಗಳ ನಡುವೆ ಒಂದು ಕರೀ ಪೆನ್ನು. ಅದರ ಕೆಳಭಾಗಕ್ಕೆ ಯಾರೋ ಗಾಯಕ್ಕೆ ಹಚ್ಚುವ ಅಂಟುಪಟ್ಟಿ ಸುತ್ತಿದ್ದರು. ಅದು ವರ್ಷಗಟ್ಟಲೆ ಬೆಂದು ಕಂದು ತೊಗಲಿನ ಹಾಗೆ ಮೈಗೆ ಕಚ್ಚಿಕೊಂಡಿತ್ತು. ಏಳಣ್ಣ ಪಟ್ಟಿಯ ತಂಟೆಗೆ ಹೋಗದೆ ಮೇಲಿನ ಭಾಗವನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿದ. ಕೊಳೆ ಕರಗಿ ಕೈಯಲ್ಲಿ ಕೊರೆದ ಅಕ್ಷರಗಳು ಮೂಡಿದವು: "ಪ್ರೀತಿಯ ಏಳಣ್ಣನಿಗೆ." ಅದರ ಪಕ್ಕದಲ್ಲೊಂದು ಹಕ್ಕಿ. ಕೊಟ್ಟವರ ಹೆಸರು ಪಟ್ಟಿಯ ಕೆಳಗೆ ನುಸುಳಿಹೋಗಿತ್ತು.

ಏಳಣ್ಣನಿಗೆ ನಗು ತಡೆಯಲಾಗಲಿಲ್ಲ. ಅಡುಗೆಮನೆಗೇ ಹಿಡಿದುಕೊಂಡು ಹೋದ.

"ಏ ಮುದುಕಮ್ಮ, ಇಲ್ನೋಡು. ಯಾವನೋ ನನ್ನಂಥ ಏಳಣ್ಣಂಗೆ ಯಾವಳೋ ಪೆನ್ನು ಕೊಟ್ಟವ್ಳೆ. ಪಕ್ಕದಲ್ಲಿ ಬಾತುಕೋಳಿ ಬೇರೆ! ಪ್ರೀತಿ ಮಾಡೋಳು ಬಾತುಕೋಳಿ ಕೊರೆಸ್ತಾಳಾ? ಹುರಿದು ತಿನ್ನೋ ಯೋಚ್ನೆ ಇತ್ತೇನೋ."

ನಾಲ್ಕಕ್ಕ ಮೀನಿನ ಹುರುಪೆ ಉಜ್ಜುತ್ತಿದ್ದಳು. ಚಾಕು ಕೆಳಗಿಟ್ಟಳು. ಪೆನ್ನು ಈಸಿಕೊಂಡು ಬೆಳಕಿಗೆ ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು.

"ಇದನ್ನ ಏಳಣ್ಣಂಗೆ ಕೊಟ್ಟವಳು ಯಾರು?" ಅಂದಳು.

"ನಂಗೇನು ಗೊತ್ತು?"

"ಚೆನ್ನಾಗಿ ಯೋಚ್ನೆ ಮಾಡಿ ಹೇಳು."

"ಅಯ್ಯೋ, ಈ ಊರಲ್ಲಿ ಕಲ್ಲೆಸೆದರೆ ಏಳಣ್ಣನಿಗೇ ಬೀಳ್ತದೆ. ನಾನು ಈ ಪೆನ್ನನ್ನ ಹುಟ್ಟಿದ ಮೇಲೆ ನೋಡೇ ಇಲ್ಲ."

"ನೋಡೇ ಇಲ್ಲ?"

"ನಮ್ಮಪ್ಪನ ಆಣೆ."

ನಾಲ್ಕಕ್ಕ ಒಲೆ ಆರಿಸಿದಳು. ಅರ್ಧ ಉಜ್ಜಿದ ಮೀನನ್ನು ಎತ್ತಿ ಪಕ್ಕದ ಮನೆಯ ಬೆಕ್ಕಿಗೆ ಎಸೆದಳು. ಕುರ್ಚಿ ಎಳೆದುಕೊಂಡು ಬಾಗಿಲಿನಾಚೆ ಕೂತು ಬೀಸಣಿಗೆ ಬಿಚ್ಚಿದಳು. "ಕೊಟ್ಟವಳ ಹೆಸರು ನಿನ್ನ ಬಾಯಿಂದ ಬರೋವರೆಗೂ ಈ ಮನೇಲಿ ಒಲೆ ಹತ್ತಲ್ಲ."

ಇಲ್ಲಿ ಒಂದು ಮಾತು ಹೇಳಬೇಕು. ಸಾಮಾನ್ಯ ಹೆಂಡತಿಯರ ಮುನಿಸು ಬೇರೆ, ನಾಲ್ಕಕ್ಕನ ಮುಷ್ಕರ ಬೇರೆ. ಯುದ್ಧ ಮುಗಿಯುವ ಮುಂಚಿನ ಹಳೆಯ ಸರ್ಕಾರದ ಕಾಲದಲ್ಲಿ ಅವಳು ನೂಲಿನ ಗಿರಣಿಯಲ್ಲಿ ಹುಡುಗಿಯರ ಮುಂದಾಳಾಗಿದ್ದವಳು. ಬಾಣಂತಿಯರಿಗೆ ರಜೆ ಕೊಡದ ಮೇನೇಜರನನ್ನು ಕಕ್ಕಸಿನಲ್ಲಿ ಕೂಡಿಹಾಕಿ, ಬಾಗಿಲ ಸಂದಿಯಿಂದ ಕಾಗದ ತೂರಿಸಿ ಸಹಿ ಹಾಕಿಸಿಕೊಂಡವಳು. ಮುಷ್ಕರದಲ್ಲಿ ಬೇಡಿಕೆ ಒಂದೇ ಇರಬೇಕು, ದನಿ ಏರಿಸಬಾರದು, ಹೊಟ್ಟೆ ತುಂಬಿರಬೇಕು ಎಂಬ ಮೂಲಮಂತ್ರಗಳನ್ನು ಬಲ್ಲವಳು. ಅದರಂತೆ ಬೀದಿಯ ತುದಿಯ ನುಚ್ಚಕ್ಕಿ ಅನ್ನದ ಅಂಗಡಿಯಲ್ಲಿ ಸುಟ್ಟ ಹಂದಿಪಕ್ಕೆ, ಮೇಲೊಂದು ಮೊಟ್ಟೆ ತಿಂದು, ಹಲ್ಲುಕಡ್ಡಿ ಕಚ್ಚಿಕೊಂಡು ಬಂದು ಮತ್ತೆ ಕುರ್ಚಿಯಲ್ಲಿ ಕೂತಳು.

ಅವಳಿಗೆ ಹೊಟ್ಟೆಕಿಚ್ಚು ಎಂದು ಏಳಣ್ಣ ತೀರ್ಮಾನಿಸಿದ. ಈ ವಯಸ್ಸಿನಲ್ಲಿ ತನ್ನ ಮೇಲೆ ಹೆಂಡತಿಗೆ ಅನುಮಾನ ಬಂದದ್ದು ಒಳಗೊಳಗೇ ಒಂಚೂರು ಖುಷಿಯನ್ನೂ ಕೊಟ್ಟಿತು, ಸುಳ್ಳು ಯಾಕೆ ಹೇಳಬೇಕು. ಆದರೆ ಖುಷಿಯಿಂದ ಹೊಟ್ಟೆ ತುಂಬುವುದಿಲ್ಲ. ತನ್ನ ನಿರಪರಾಧಿತ್ವವನ್ನು ಶಾಸ್ತ್ರೀಯವಾಗಿ ಸಾಬೀತು ಮಾಡುತ್ತೇನೆ, ಒಲೆ ಹತ್ತಿಸಿಯೇ ತೀರುತ್ತೇನೆ ಎಂದು ಹಲ್ಲು ಕಚ್ಚಿದ. ಹಲ್ಲಿಗೆ ಬೇರೆ ಕೆಲಸವೂ ಇರಲಿಲ್ಲ.

ಮೊದಲು ಪೆನ್ನನ್ನು ಬಿಚ್ಚಿದ. ನಿಬ್ಬನ್ನು ಹೊರಗೆಳೆದು ಭೂತಗನ್ನಡಿಯಲ್ಲಿ ಅದರ ಬುಡ ನೋಡಿದ. ಜಪಾನಿನವರು ಪೆನ್ನು ಮಾಡಿದ ವರ್ಷವನ್ನು ಅಲ್ಲಿ ಇರುವೆಗಾತ್ರದ ಅಂಕಿಯಲ್ಲಿ ಒತ್ತಿರುತ್ತಾರೆ. ಜೀವನವಿಡೀ ಅಚ್ಚಿನ ಮೊಳೆಗಳನ್ನು ತಲೆಕೆಳಗಾಗಿ ಓದಿದ ಕಣ್ಣು ಅದನ್ನು ಗಪ್ಪನೆ ಹಿಡಿಯಿತು. ಓಡಿಬಂದು ಹೆಂಡತಿಯ ಮುಂದೆ ನಿಂತ.

"ನೋಡು, ಅರವತ್ತೆಂಟನೇ ಇಸವಿ ಮಾಲು! ಆಗ ನಾನು ಮೀಥೋ ಊರಲ್ಲಿ ನಮ್ಮವ್ವನ ಸೆರಗು ಹಿಡ್ಕೊಂಡಿದ್ದೆ. ನಂಗ್ಯಾರು ಪೆನ್ನು ಕೊಡ್ತಾರೆ?"

"ಅರವತ್ತೆಂಟರಲ್ಲಿ ಮಾಡಿದ ಪೆನ್ನನ್ನ ಅರವತ್ತೆಂಟರಲ್ಲೇ ಕೊಡ್ಬೇಕು ಅಂತ ಕಾನೂನಿದ್ಯಾ?" ನಾಲ್ಕಕ್ಕ ಬೀಸಣಿಗೆ ನಿಲ್ಲಿಸಲಿಲ್ಲ. "ಈಗ ನೀನು ಹಾಕ್ಕೊಂಡಿರೋ ಚಡ್ಡಿ ಯಾವ ಇಸವಿದು?"

ಏಳಣ್ಣ ಚಡ್ಡಿ ನೋಡಿಕೊಂಡು ಒಳಗೆ ಹೋದ. ಎರಡನೆಯ ವಾದ ಸಿದ್ಧಮಾಡಿಕೊಂಡು ಬಂದ.

"ಇದರ ನಿಬ್ಬು ಉಕ್ಕಿಂದು. ಚಿನ್ನದ ನೀರೂ ಕಂಡಿಲ್ಲ. ಆ ಕಂಪನಿ ಮಾಡಿದ್ದರಲ್ಲೆಲ್ಲ ಕಡು ಅಗ್ಗದ್ದು, ಬಡಮಕ್ಕಳು ಇಸ್ಕೂಲಿಗೆ ಒಯ್ಯೋದು. ಇಂಥದ್ದನ್ನ ಪ್ರೀತಿಯ ಅಂತ ಬರೆಸಿ ಕೊಟ್ಟವಳು ಎಂಥಾ ಜಿಪುಣಿ ಇರ್ಬೇಕು! ನಾನು ಅಂಥವಳ ಕಡೆ ತಿರುಗಿ ನೋಡ್ತಿದ್ನಾ?"

"ಜಿಪುಣಿ," ಅಂದಳು ನಾಲ್ಕಕ್ಕ, ಮಾತನ್ನು ಬಾಯಲ್ಲಿ ಹೊರಳಿಸಿ ರುಚಿ ನೋಡುವವಳಂತೆ.

"ಜಿಪುಣಿ, ಮೇಲೆ ಟೇಸ್ಟೂ ಇಲ್ಲ. ಬಾತುಕೋಳಿ!"

"ಹೂಂ. ಮುಂದೆ ಹೇಳು."

ಎದುರಾಳಿ ಮೆತ್ತಗಾದಳು ಎಂದುಕೊಂಡ ಏಳಣ್ಣ ಬ್ರಹ್ಮಾಸ್ತ್ರ ತೆಗೆದ. "ನನ್ನ ಜನ್ಮದಲ್ಲಿ ನಂಗೆ ಪೆನ್ನು ಕೊಟ್ಟ ಹೆಂಗಸು ಒಬ್ಬಳೇ. ನೀನು. ಮದುವೆಗೆ ಮುಂಚೆ ಕೊಟ್ಟಿದ್ದೆ, ನಂಗೆ ಮರೆತಿಲ್ಲ. ಹಸಿರು ಪೆನ್ನು, ಅಮೃತಶಿಲೆ ತರ ಗೆರೆಗೆರೆ. ಚಿನ್ನದ ನಿಬ್ಬು. ಕಾರ್ಮಿಕ ಸಂಘದ ಮೆರವಣಿಗೆ ದಿನ ಸೇತುವೆ ಮೇಲೆ ಪೊಲೀಸರು ಜೇಬಿಗೆ ಕೈಹಾಕಿ ಕಿತ್ಕೊಂಡ್ರು. ನಾನು ಬಿಟ್ನಾ? ನಾಲ್ಕು ಜನ ಬೇಕಾಯ್ತು ಆ ಪೆನ್ನು ಕೀಳೋಕೆ."

"ಹೋದ ಹೊಸವರ್ಷದ ಊಟದಲ್ಲಿ ಹೇಳಿದಾಗ ಮೂರು ಜನ ಇದ್ರು."

"ನಾಲ್ಕನೆಯೋನು ಹಿಂದೆ ನಿಂತಿದ್ದ."

"ಹಸಿರಾ?"

"ಹಸಿರು. ಪಾಚಿ ಹಸಿರು."

"ಚಿನ್ನದ ನಿಬ್ಬು."

"ಹದಿನಾಲ್ಕು ಕ್ಯಾರೆಟ್ಟು!"

ನಾಲ್ಕಕ್ಕ ಅವನ ಮುಖವನ್ನು ಹಣೆಯಿಂದ ಗಲ್ಲದವರೆಗೆ ಒಮ್ಮೆ ನೋಡಿದಳು. ಆಮೇಲೆ ಎದ್ದು ನುಚ್ಚಕ್ಕಿ ಅನ್ನದ ಅಂಗಡಿಗೆ ಹೋದಳು. ಈ ಸಲ ಎರಡು ಮೊಟ್ಟೆ ಹಾಕಿಸಿಕೊಂಡಳಂತೆ.

ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೆ ಕೈಮುಗಿದು, ಬಾಯಿಗೆ ಬಂದ ಯಾವುದೋ ಹೆಸರು ಹೇಳಿ, ಎರಡು ಏಟು ತಿಂದು ಊಟಕ್ಕೆ ಕೂರುತ್ತಿದ್ದರು. ಏಳಣ್ಣ ಆ ಜಾತಿಯವನಲ್ಲ. ಒಣ ರೊಟ್ಟಿ ಕಡಿಯುತ್ತ, ಬೀದಿಯ ಐಸ್ ಕಾಫಿ ಹೀರುತ್ತ, ಹಟ ಹಿಡಿದ. ಪೆನ್ನು ಮಾಡಿದ ವರ್ಷ ಮುಖ್ಯವಲ್ಲ, ಅಕ್ಷರ ಕೊರೆದ ವರ್ಷ ಮುಖ್ಯ. ಅದನ್ನು ಹೇಳಬಲ್ಲವನು ಒಬ್ಬನೇ: ದೊಡ್ಡ ಅಂಚೆ ಕಚೇರಿಯ ಗೋಡೆಗೆ ಒರಗಿ ಕೂತು ಪೆನ್ನುಗಳ ಮೇಲೆ ಹೆಸರು ಕೊರೆಯುತ್ತಿದ್ದ ಮರಿಯಣ್ಣ. (ಮನೆಯ ಕೊನೆಯ ಮಗನಾದ್ದರಿಂದ ಮರಿ. ಎಂಬತ್ತು ದಾಟಿ ಬಾಯಲ್ಲಿ ಹಲ್ಲಿಲ್ಲದಿದ್ದರೂ ಮರಿಯೇ.) ಆಗಿನ ಕಾಲದಲ್ಲಿ ಪ್ರೀತಿ ಮಾಡಿದವರು, ಸೈನ್ಯಕ್ಕೆ ಹೋಗುವವರು, ಊರು ಬಿಡುವವರು ಎಲ್ಲರೂ ಒಂದು ಪೆನ್ನು ಹಿಡಿದು ಅವನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು.

"ನಡಿ, ತಜ್ಞರ ಸಾಕ್ಷಿ ತರ್ತೀನಿ," ಎಂದು ಹೆಂಡತಿಯನ್ನು ಹೊರಡಿಸಿದ. ಸೈಕಲ್ಲು ಹೊರಗೆ ತೆಗೆದರೆ ಎರಡೂ ಚಕ್ರ ನೆಲಕ್ಕಂಟಿದ್ದವು. ಅವನ ಕಡೆ ನೋಡಬೇಡಿ. ವಾಲ್‌ಟ್ಯೂಬು ಎಲ್ಲಿ ಹೋಯಿತೆಂದು ನಿಮಗೂ ಗೊತ್ತು. ಮರಿಯಣ್ಣನ ಮನೆಗೆ ಬಿಸಿಲಿನಲ್ಲಿ ನಡೆದೇ ಹೋದರು. ದಾರಿಯುದ್ದಕ್ಕೂ ಅವನು ವಾದಿಸಿದ, ಅವಳು ಹಲ್ಲುಕಡ್ಡಿ ಕಡಿದಳು.

ಮರಿಯಣ್ಣ ಪೆನ್ನನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದ. "ನನ್ನ ಕೈದೇ," ಅಂದ. "ಆದ್ರೆ ಇದು ಬಾತುಕೋಳಿ ಅಲ್ಲ ಕಣಯ್ಯ. ಪಾರಿವಾಳ. ಆವತ್ತು ಯಾವುದೋ ಗಲಾಟೆ, ಅಶ್ರುವಾಯು ಬಿಟ್ಟಿದ್ರು, ಕಣ್ಣಲ್ಲಿ ನೀರು ಸುರೀತಿತ್ತು. ಕುತ್ತಿಗೆ ಉದ್ದ ಆಗೋಯ್ತು. ಆ ಹುಡುಗಿ ನನ್ನ ಬೈದಳು ನೋಡು, ಅಪ್ಪ ಅಮ್ಮ ಹೆಂಡತಿ ಮಕ್ಕಳು ಒಬ್ಬರನ್ನೂ ಬಿಡದ ಹಾಗೆ. ಅಂಥ ಬಾಯನ್ನ ನಾನು ಮತ್ತೆ..."

ಮಾತು ಅಲ್ಲಿಗೇ ನಿಂತಿತು. ಮರಿಯಣ್ಣನ ಕಣ್ಣು ಏಳಣ್ಣನ ಹೆಗಲಾಚೆ ನಿಂತಿದ್ದ ನಾಲ್ಕಕ್ಕನ ಮೇಲೆ ನೆಟ್ಟಿತ್ತು. ನಾಲ್ಕಕ್ಕ ತಲೆಯನ್ನು ಕೂದಲೆಳೆಯಷ್ಟು ಅತ್ತಿತ್ತ ಆಡಿಸಿದಳು.

"ಯಾರು? ಯಾವ ಹುಡುಗಿ?" ಏಳಣ್ಣ ಕುಣಿದಾಡಿದ. "ಹೆಸರೇನು? ಮುಖ ನೆನಪಿದ್ಯಾ?"

"ವಯಸ್ಸಾಯ್ತಲ್ಲ," ಅಂದ ಮರಿಯಣ್ಣ, ಬೊಚ್ಚುಬಾಯಿ ಕಿವಿಯವರೆಗೆ ಹಿಗ್ಗಿಸಿ. "ಆದ್ರೆ ತಗೊಂಡ ಏಳಣ್ಣ ಹೆಂಗಿದ್ನೋ ಕಾಣೆ, ಕೊಟ್ಟವಳು ಮಾತ್ರ ಹುಲಿ. ಪಟ್ಟಿ ಕೆಳಗೆ ಹೆಸರಿದೆ. ನಾನೇ ಕೊರೆದಿದ್ದು. ಕೀಳು."

"ಕಿತ್ತರೆ ಅಕ್ಷರ ಎದ್ದು ಬರ್ತದೆ. ಸ್ಪಿರಿಟ್ಟು ಹಾಕಿದ್ರೆ ಪೆನ್ನೇ ಕರಗ್ತದೆ."

"ಹಾಗಾದ್ರೆ ತೆಂಗಿನೆಣ್ಣೆ ಹಾಕಿ ಕಾಯಿ. ಏನವಸರ? ಇಷ್ಟು ವರ್ಷ ಕಾದಿದ್ದಾರೆ ಜನ."

ಯಾವ ಜನ ಎಂದು ಏಳಣ್ಣ ಕೇಳಲಿಲ್ಲ. ಅವನ ತಲೆಯಲ್ಲಿ ಆಗಲೇ ತೆಂಗಿನೆಣ್ಣೆ ಕಾಯುತ್ತಿತ್ತು.

ಅದಾದ ಮೇಲೆ ಅವನು ಆ ಪೆನ್ನಿಗೆ ಮಾಡಿದ ಶುಶ್ರೂಷೆಯನ್ನು ತನ್ನ ಹೆತ್ತ ತಾಯಿಗೂ ಮಾಡಿರಲಿಲ್ಲ. ಪಟ್ಟಿಗೆ ಎಣ್ಣೆ ಹಚ್ಚುವುದು, ನೆನೆಯಲು ಬಿಡುವುದು, ಬಿದಿರಿನ ಕಡ್ಡಿಯಿಂದ ಅಂಚನ್ನು ಒಂದು ನೂಲಿನಷ್ಟು ಎತ್ತುವುದು, ಮತ್ತೆ ಎಣ್ಣೆ. ಆ ಬಿಡುವಿನಲ್ಲಿ ಉಳಿದ ರಿಪೇರಿ. ಬಿಳಿಚಿದ್ದ ಕ್ಲಿಪ್ಪಿಗೆ ಹೊಳಪು. ಬಾಗಿದ ನಿಬ್ಬನ್ನು ಉಗುರಿನಲ್ಲೇ ಒತ್ತಿ ಸರಿಮಾಡಿ, ನಯವಾದ ಕಲ್ಲಿನ ಮೇಲೆ ಎಂಟರ ಅಂಕಿ ಬರೆಸಿ ಬರೆಸಿ ತುದಿಯನ್ನು ಬೆಣ್ಣೆ ಮಾಡಿದ. ಹೊಟ್ಟೆಯಲ್ಲಿ ಹೊಸ ರಬ್ಬರು. ತನ್ನ ಮಾನ ಉಳಿಸುವ ಪೆನ್ನು ಅರೆಜೀವವಾಗಿ ಸಾಕ್ಷಿ ಹೇಳಬಾರದು, ನೆಟ್ಟಗೆ ನಿಂತು ಹೇಳಬೇಕು ಎಂಬುದು ಅವನ ಛಲ.

ಪಟ್ಟಿ ಸಡಿಲವಾದ ಸಂಜೆ ಅವನು ಸುಮ್ಮನೆ ಕಿತ್ತುಬಿಡಬಹುದಿತ್ತು. ಕಿತ್ತರೆ ಏಳಣ್ಣ ಹೇಗಾದಾನು? ಗಲ್ಲಿಯನ್ನೇ ಕರೆದ. ಗುಜರಿ ಐದಕ್ಕ ಗಾಡಿ ಸಮೇತ ಬಂದಳು. ಅಕ್ಕಪಕ್ಕದ ಏಳಣ್ಣಂದಿರೆಲ್ಲ ಬಂದರು. ಪೆನ್ನು ತಮ್ಮ ತಲೆಗೆ ಸುತ್ತಿಕೊಂಡೀತು ಎಂಬ ಹೆದರಿಕೆಯಿಂದ, ಕಣ್ಣಾರೆ ನೋಡಲಿ ಅಂತ ಹೆಂಡತಿಯರನ್ನೂ ಜೊತೆಗೇ ಕರೆತಂದಿದ್ದರು.

"ಬಂಧುಗಳೇ," ಏಳಣ್ಣ ಮೇಜಿನ ಹಿಂದೆ ನಿಂತು, ಸಂಘದ ದಿನಗಳ ಗಂಟಲನ್ನು ಹೊರತೆಗೆದ. "ಈ ಪೆನ್ನನ್ನ ನಾನು ನನ್ನ ಜೀವನದಲ್ಲಿ ಕಂಡಿಲ್ಲ. ಇದನ್ನ ಕೊಟ್ಟ ಹೆಂಗಸು ನಂಗೆ ಗೊತ್ತಿಲ್ಲ. ಅವಳು ಜಿಪುಣಿ, ಬಾಯಿಬಡುಕಿ, ಹಕ್ಕಿ ಯಾವುದು ಕೋಳಿ ಯಾವುದು ಗೊತ್ತಿಲ್ಲದೋಳು. ಅಂಥವಳ ಜೊತೆ ನಂಗೆ ಯಾವ ಸಂಬಂಧವೂ ಇರಲಿಲ್ಲ, ಇಲ್ಲ, ಇರೋದೂ ಇಲ್ಲ. ಎಲ್ಲರೂ ಸಾಕ್ಷಿ."

"ಸಾಕ್ಷಿ," ಅಂದರು ನೆರೆಯವರು.

"ಸಾಕ್ಷಿ," ಅಂದಳು ನಾಲ್ಕಕ್ಕ.

ಪಟ್ಟಿ ಎಣ್ಣೆಯಲ್ಲಿ ಜಾರಿ, ಹಾವಿನ ಪೊರೆಯಂತೆ ಒಂದೇ ಸುತ್ತಿಗೆ ಕಳಚಿತು. ಏಳಣ್ಣ ಬಟ್ಟೆಯಲ್ಲಿ ಒರೆಸಿ, ದೀಪದ ಕೆಳಗೆ ಹಿಡಿದು, ದೊಡ್ಡ ದನಿಯಲ್ಲಿ ಓದಿದ: "ಲಾಯ್."

ಲಾಯ್ ಅಂದರೆ ಮಲ್ಲಿಗೆ. ನಾಲ್ಕಕ್ಕನ ನಿಜವಾದ ಹೆಸರು. ಪೊಲೀಸರಿಗೆ ಮತ್ತು ಡಾಕ್ಟರಿಗೆ ಮಾತ್ರ ಬೇಕಾಗುವಂಥದ್ದು.

ಬುದ್ಧಿ ಇದ್ದವನು ಆ ಕ್ಷಣ ಮೂರ್ಛೆ ಹೋಗುತ್ತಿದ್ದ. ಏಳಣ್ಣ ಮಾತ್ರ ವಾದ ಬಿಡಲಿಲ್ಲ. "ಯಾವ ಲಾಯೋ," ಅಂದ, ಬೆವರು ಒರೆಸಿಕೊಳ್ಳುತ್ತ. "ಈ ಊರಲ್ಲಿ ಲಾಯ್‌ಗಳಿಗೇನು ಬರವೇ? ನಂಗೆ ಲಾಯ್ ಕೊಟ್ಟಿದ್ದು ಹಸಿರು ಪೆನ್ನು. ಪೊಲೀಸರು ಕಿತ್ಕೊಂಡ್ರು. ಪೊಲೀಸರ ಹತ್ತಿರ ಇರೋದು ಈ ಡಬ್ಬಿಗೆ ಹೆಂಗೆ ಬರ್ತದೆ?"

"ಪೊಲೀಸರ ಮನೆ ಡಬ್ಬಿ ಅಲ್ಲ ಇದು," ಅಂದಳು ಗುಜರಿ ಐದಕ್ಕ. ಇಷ್ಟು ದಿನ ಅವಳನ್ನು ಯಾರೂ ಕೇಳಿರಲಿಲ್ಲ, ಕೇಳದೆ ಅವಳು ಹೇಳುವವಳಲ್ಲ. "ಮೀಥೋದಲ್ಲಿ ನಿನ್ನ ತಂಗಿ ಎಂಟಮ್ಮ ಮನೆಗೆ ಸುಣ್ಣ ಹೊಡೆಸ್ತಾ ಅಟ್ಟ ಖಾಲಿ ಮಾಡಿಸಿದಳು. ನಿಮ್ಮವ್ವನ ಡಬ್ಬಿ ಅಂದಳು."

ಏಳಣ್ಣನ ಕಣ್ಣಮುಂದೆ ಅವನ ಅವ್ವ ಬಂದು ನಿಂತಳು. ಒಡೆದ ರೇಡಿಯೋಗೆ ಅಂಟುಪಟ್ಟಿ, ಕನ್ನಡಕದ ಕಾಲಿಗೆ ಅಂಟುಪಟ್ಟಿ, ಚಹದ ಕೆಟಲ್ಲಿನ ಮೂತಿಗೂ ಅಂಟುಪಟ್ಟಿ ಸುತ್ತಿದ ಅವ್ವ. ಅವಳ ಹಿಂದೆಯೇ ಪೆನ್ನು ಸಿಕ್ಕಿದ ವರ್ಷದ ಹಬ್ಬವೂ ನೆನಪಾಯಿತು. ಊರಿಗೆ ಹೋದವನು ಜೇಬಿನಲ್ಲಿ ಪೆನ್ನಿದ್ದ ಅಂಗಿ ಬಿಚ್ಚಿ ಚಾಪೆಯ ಮೇಲೆಸೆದು, ಅದರ ಮೇಲೇ ಕೂತದ್ದು. ಪಟ್ ಎಂದ ಸದ್ದು. "ಕೊಡಿಲ್ಲಿ, ನಾನು ಸುತ್ತಿಡ್ತೀನಿ" ಎಂದ ಅವ್ವ. ಮೆರವಣಿಗೆ ನಡೆದದ್ದು ಅದಾದ ಮೇಲೆ. ಆ ದಿನ ಸೇತುವೆಯ ಮೇಲೆ ಪೊಲೀಸರಿಗೆ ಅವನಿಂದ ಸಿಕ್ಕಿದ್ದು ಒಂದು ಚಪ್ಪಲಿ ಮಾತ್ರ. ಅದೂ ಕಿತ್ತುಕೊಂಡದ್ದಲ್ಲ, ಓಡುವಾಗ ಬಿಟ್ಟುಬಂದದ್ದು.

"ಗಿರಣೀಲಿ ರಾತ್ರಿಪಾಳಿ ಮಾಡಿ ತಗೊಂಡಿದ್ದೆ," ನಾಲ್ಕಕ್ಕ ದನಿ ಏರಿಸದೆ ಹೇಳಿದಳು. "ನೀನು ಹಸಿರು ಪೆನ್ನು ಅಂತ ವರ್ಷಾವರ್ಷ ಹೇಳ್ತಾ ಬಂದೆ. ಹೋಗ್ಲಿ ಪಾಪ, ಪೊಲೀಸರು ಹೊಡೆದ ಏಟಿಗೆ ಬಣ್ಣ ಮರೆತವ್ನೆ ಅಂತ ಸುಮ್ಮನಿದ್ದೆ. ಆಮೇಲೆ ನಿಬ್ಬು ಚಿನ್ನ ಆಯ್ತು. ಆಗ್ಲೂ ಸುಮ್ಮನಿದ್ದೆ, ನನ್ನ ಮರ್ಯಾದೇನೂ ಏರ್ತಿತ್ತಲ್ಲ. ಕೈಗೆ ಕೊಟ್ಟರೂ ಗುರುತು ಹಿಡೀಲಿಲ್ಲವಲ್ಲೋ! ಊರ ಪೆನ್ನುಗಳ ಜಾತಕ ಎಲ್ಲ ಹೇಳ್ತೀಯ!"

"ಮುದುಕಮ್ಮ..."

"ಜಿಪುಣಿ ಅನ್ನು."

ಅವಳು ಪೆನ್ನನ್ನು ಇಂಕಿನ ಬಾಟಲಿಗೆ ಅದ್ದಿ ಹೊಟ್ಟೆ ತುಂಬ ಕುಡಿಸಿದಳು. ಹಳೆಯ ಪತ್ರಿಕೆಯ ಅಂಚಿನಲ್ಲಿ ಒಂದು ಗೆರೆ ಎಳೆದಳು. ಗೆರೆ ಎಣ್ಣೆಯ ಧಾರೆಯಂತೆ ಹರಿಯಿತು; ಒಂದು ಕಡೆಯೂ ತಡವರಿಸಲಿಲ್ಲ. ಏಳಣ್ಣನ ಮುಖದಲ್ಲಿ, ಆ ಸ್ಥಿತಿಯಲ್ಲೂ, ಕಸುಬುದಾರನ ಹೆಮ್ಮೆ ಮಿಣುಕಿತು. "ಹೆಂಗೆ ಬರೀತದೆ ನೋಡು," ಅಂದೇಬಿಟ್ಟ.

"ಚೆನ್ನಾಗಿ ಬರೀತದೆ," ಅಂದಳು ನಾಲ್ಕಕ್ಕ, ಪೆನ್ನನ್ನು ಅವನ ಕೈಗೆ ತುರುಕಿ, ಮೊಮ್ಮಗಳ ಗೆರೆಪುಸ್ತಕವನ್ನು ಮುಂದೆ ಹಾಕುತ್ತ. "ಕೂತ್ಕೋ. ಬರಿ. 'ಪೆನ್ನು ಕಪ್ಪು. ನಿಬ್ಬು ಉಕ್ಕು. ಹಕ್ಕಿ ಪಾರಿವಾಳ.' ಇಂಕು ಮುಗಿಯೋವರೆಗೂ ಬರಿ. ಮುಗಿದ ಮೇಲೆ ಅನ್ನಕ್ಕಿಡ್ತೀನಿ."

ಏಳಣ್ಣ ಬರೆಯತೊಡಗಿದ. ಇಂಕು ಮುಗಿಯಲೊಲ್ಲದು. ತನ್ನ ಕೈಯಾರೆ ಹಾಕಿದ ಉದ್ದನೆಯ ವಾಲ್‌ಟ್ಯೂಬು, ಮೂರು ಪೆನ್ನಿನಷ್ಟು ಇಂಕು ಹಿಡಿದಿತ್ತು. ಹಿಂದೆ ನಿಂತ ಏಳಣ್ಣಂದಿರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರವರ ಹೆಂಡತಿಯರು ಅವರವರ ಕಡೆಗೆ ತಿರುಗಿದೊಡನೆ ಆ ನಗು ಒಂದೊಂದಾಗಿ ನಿಂತಿತು.

ನೀವೂ ನಗುತ್ತಿದ್ದೀರಿ. ನಿಲ್ಲಿಸಿ. ನಿಮ್ಮನ್ನು ಕಟ್ಟಿಕೊಂಡವರು ನಿಮಗೆ ಮೊಟ್ಟಮೊದಲು ಕೊಟ್ಟ ವಸ್ತು ಯಾವುದು, ಈಗ ಅದು ಎಲ್ಲಿದೆ? ಎದ್ದು ಹೋಗಿ ಹುಡುಕುವುದು ಬೇಡ, ಅವರ ಮುಖ ನೋಡುವುದೂ ಬೇಡ. ಕೂತಲ್ಲೇ, ಈಗಲೇ, ಬಾಯಿಬಿಟ್ಟು ಅದರ ಬಣ್ಣ ಹೇಳಿ.